ಎರಡು ತಿಂಗಳು ಅಂದದ್ದು

ಅಕ್ಕನ ಎಡಗಣ್ಣು ಸ್ವಲ್ಪಸ್ವಲ್ಪವೇ ಕೆಳಗೆ ಇಳಿಯುತ್ತಿದ್ದುದನ್ನು ನಾನು ಮೂರು ವರ್ಷ ನೋಡಿದ್ದೆ. ಹುಬ್ಬಿನ ಹೊರತುದಿಯ ಕೆಳಗೆ ರೆಪ್ಪೆ ಉಬ್ಬಿಕೊಂಡಿತ್ತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಆಸ್ಪತ್ರೆಯ ಬಸ್ಸು ಹತ್ತುವುದಿಲ್ಲ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವವರ ಕಣ್ಣು ಹೇಗೂ ಊದಿಕೊಂಡೇ ಇರುತ್ತದೆ, ಇದೂ ಸೊಪ್ಪು ಬೇಯಿಸುವ ಮನೆಯ, ಬ್ಯಾರನ್ನಿನ, ಕಾವು ಅಂದೆ. ಸೊಪ್ಪು ಮಾರಾಟವಾಗಲಿ, ಆಮೇಲೆ ತೋರಿಸೋಣ ಅಂದೆ. ಪ್ರತಿ ವರ್ಷವೂ ಹಾಗೇ ಅಂದೆ.

ಗಂಡ ತೀರಿಕೊಂಡ ಮೇಲೆ ಅಕ್ಕ ನಮ್ಮಲ್ಲೇ ಇದ್ದು, ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಒಂದು ದಿನ ಹಳದಿ ಸೊಪ್ಪಿನ ಜೊತೆ ಕಂದು ಸೊಪ್ಪು ಸೇರಿಸಿದಳೆಂದು ರೇಗಿದೆ. ಒಂದೊಂದು ಎಲೆ ಎರಡೆರಡಾಗಿ ಕಾಣುತ್ತದೆ ಎಂದಳು. ಆಗ ಮೈಸೂರಿಗೆ ಕರೆದುಕೊಂಡು ಹೋದೆ.

ಎಷ್ಟು ದಿನದಿಂದ ಹೀಗಿದೆ ಎಂದು ಡಾಕ್ಟರು ಕೇಳಿದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಕೋಣೆಯಲ್ಲಿ ನಿಲ್ಲುವುದೇ ಸಂಕೋಚ. ಬೆನ್ನ ಹಿಂದೆ ಜನ ಕಾಯುತ್ತಿದ್ದರು. ಮೂರು ವರ್ಷ ಅಂದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ.

"ಎರಡು ತಿಂಗಳಾಯ್ತು ಸಾರ್," ಅಂದೆ.

ಅಕ್ಕ ನನ್ನ ಕಡೆ ನೋಡಿದಳು.

ಎರಡೇ ತಿಂಗಳಲ್ಲಿ ಇಷ್ಟು ಬೆಳೆದಿದ್ದರೆ ಕೆಟ್ಟ ಗಡ್ಡೆ ಇರಬಹುದೆಂದು ಅವರು ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ ಎಂದು ಬಂತು. ಊರಿಗೆ ಬರುವಾಗ ಹುಣಸೂರಿನಲ್ಲಿ ಇಳಿದು ಇಬ್ಬರೂ ಊಟ ಮಾಡಿದೆವು.

ಗಡ್ಡೆ ತೆಗೆಸಲು ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ಕಣ್ಣೀರಿನ ಗ್ರಂಥಿಯಲ್ಲಿ ಬೆಳೆದ ಗಡ್ಡೆ ಪಕ್ಕದ ಮೂಳೆಯನ್ನು ನುಣ್ಣಗೆ ಗುಳಿ ಮಾಡಿತ್ತು.

"ವರ್ಷಗಟ್ಟಲೆ ಒತ್ತಿದ್ರೆ ಮಾತ್ರ ಹೀಗಾಗೋದು. ನಿಜ ಹೇಳಿ."

ಹೇಳಿದೆ. ನಿಧಾನವಾಗಿ ಬೆಳೆಯುವ ಇಂಥ ಗಡ್ಡೆಯಿಂದ ಮೊದಲೇ ಚೂರು ತೆಗೆಯಬಾರದು, ಮೇಲಿನ ಪೊರೆ ಒಡೆಯದ ಹಾಗೆ ಇಡಿಯಾಗಿ ತೆಗೆಯಬೇಕು, ಒಡೆದರೆ ಉಳಿದದ್ದು ಮತ್ತೆ ಬೆಳೆಯಬಹುದು, ಮುಂದೆ ಕೆಟ್ಟದ್ದೂ ಆಗಬಹುದು ಎಂದು ನಿಧಾನವಾಗಿ ವಿವರಿಸಿದರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಹೊರಗೆ ಬೆಂಚಿನ ಮೇಲೆ ಅಕ್ಕ, "ನಾನೂ ಬಾಯಿ ಬುಡ್ನಿಲ್ವಲ್ಲ ಕಣ್ಲಾ," ಅಂದಳು. "ಅಷ್ಟು ಜನದ ಮುಂದೆ ನಿನ್ನ ಸುಳ್ಗಾರ ಅನ್ನುಸ್ಬೇಕಿತ್ತಾ?"

ಗಡ್ಡೆ ತೆಗೆದರು. ಕಣ್ಣು ಉಳಿಯಿತು. ಆಮೇಲೆ ವರ್ಷಕ್ಕೊಮ್ಮೆ ಹೋಗಿ ತೋರಿಸಿಕೊಂಡು ಬರುತ್ತಿದ್ದೆವು. ಹೋದ ತಿಂಗಳು ನಾನು ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದಾಗ ಅಕ್ಕ ಬಂದು ನನ್ನ ಬೆರಳು ಹಿಡಿದು ತನ್ನ ಹುಬ್ಬಿನ ಕೆಳಗೆ ಇಟ್ಟಳು.

"ಏನಾರ ಸಿಕ್ತದಾ?"

ಅವರೆಕಾಳಿನಷ್ಟು ಗಟ್ಟಿಯಾಗಿ ಸಿಕ್ಕಿತು. ಹೂಂ ಅಂದೆ.

"ಸೊಪ್ಪು ಬೇಯ್ಲಿ ತಾಳು, ಆಮೇಕೆ ಓಗಾನ," ಎಂದು ಅವಳೇ ಅಂದಳು.

ಉರಿಯುತ್ತಿದ್ದ ಸೌದೆಯನ್ನು ಈಚೆಗೆ ಎಳೆದು ನೀರು ಹಾಕಿದೆ. ಒಳಗಿನ ಸೊಪ್ಪು ಅರ್ಧ ಬೆಂದಿತ್ತು, ಕೆಡುತ್ತದೆಂದು ಗೊತ್ತಿತ್ತು. ಸೀರೆ ಬದಲಾಯಿಸಿಕೋ ಎಂದು ಹೇಳಿ, ಕಂಪಲಾಪುರದಲ್ಲಿ ಮೈಸೂರು ಬಸ್ಸು ಹತ್ತಿಸಿ ನಾನೂ ಹತ್ತಿದೆ.

ಸ್ಕ್ಯಾನ್ ಆಗಿದೆ. ಮತ್ತೆ ತೆಗೆಯಬೇಕಂತೆ. ಈ ಸಲ ಕಣ್ಣು ಉಳಿಯುತ್ತದೆಯೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅಕ್ಕನೇ ಕೇಳಿದಳು. ತೆಗೆದು ನೋಡಿದ ಮೇಲೆ ಹೇಳುತ್ತೇವೆ ಎಂದರು.