ಪುಡಿ ಜಾಹೀರಾತಿಗೆ ನಾನು ಬರೆದ ಕಾಗದ

ಹಳೇ ಪುಸ್ತಕ ಸ್ಕ್ಯಾನ್ ಮಾಡೋದು ನನ್ನ ಕೆಲಸ. ಹಾಳೆ ತಿರುವೋದು, ಮೇಲೆ ಗಾಜು ಇಳಿಸೋದು, ಕಾಲಲ್ಲಿ ಪೆಡಲ್ ಒತ್ತೋದು, ಮತ್ತೆ ಹಾಳೆ ತಿರುವೋದು. ಹೋದ ವರ್ಷ ವಿಜಯವಾಡದಿಂದ ನನ್ನನ್ನ ಒಂದು ತಿಂಗಳ ಮಟ್ಟಿಗೆ ವಿಶಾಖಪಟ್ನಂಗೆ ಕಳಿಸಿದ್ರು. ಅಲ್ಲಿ ಬೀಚ್ ಹತ್ರ ಒಂದು ಹಳೇ ಲೈಬ್ರರಿ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ವಾರಪತ್ರಿಕೆಗಳು ನಾಲ್ಕು ಬೀರು ತುಂಬಾ ಇದ್ವು. ಸಮುದ್ರದ ಗಾಳಿಗೆ ಹಾಳೆಗಳೆಲ್ಲ ಮೆತ್ತಗಾದ ಹಪ್ಪಳದ ಥರ.

ನಾನು ಓದಿದ್ದು ತಡ. ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೆ ಮೂವತ್ತೊಂದು ವರ್ಷ. ಹಾಗಾಗಿ ಅಚ್ಚಾಗಿರೋದು ಏನು ಕಂಡ್ರೂ ಓದ್ದೆ ಬಿಡಕ್ಕಾಗಲ್ಲ. ಫೋನಲ್ಲಿ ಡಿಕ್ಷನರಿ ಇಟ್ಕೊಂಡು ಒಂದೊಂದೇ ಪದ ನೋಡ್ತಾ ಕೂತೆ. ಕಥೆಗಳು ನನ್ನ ಕೈಲಿ ಮುಗಿಯೋ ಹಂಗಿರಲಿಲ್ಲ, ಜಾಹೀರಾತು ಓದಕ್ಕೆ ಸುಲಭ ಇತ್ತು. ಮೀಸೆ ಬೆಳೆಸೋ ಎಣ್ಣೆ, ಹೆಂಗಸರ ಸೊಂಟ ಹಿಂಡಿ ಹಿಡಿ ಮಾಡೋ ಪಟ್ಟಿ, ಕರೆಂಟು ಹರಿಯೋ ಬೆಲ್ಟು. ಒಂದರಲ್ಲಿ ಕರೀ ಮಗೂನ ಸೋಪು ಹಚ್ಚಿ ತಿಕ್ಕಿ ಬೆಳ್ಳಗೆ ಮಾಡಿದ್ರು. ನಾನೂ ಕರ್ರಗಿದೀನಿ. ಪೆಡಲ್ ಒತ್ತಿ ಹಾಳೆ ತಿರುವಿದೆ.

ಜಾಹೀರಾತುಗಳ ಮಧ್ಯೆ ಜಾಗ ಉಳಿದ ಕಡೆ ನಗೆಹನಿ ಹಾಕಿರೋರು. ಒಂದು ಚೆನ್ನಾಗಿ ನೆನಪಿದೆ. ಡಾಕ್ಟರು ಕೇಳ್ತಾನೆ, "ನಾನು ಕೊಟ್ಟ ಔಷಧಿ ನಿಮ್ಮ ಯಜಮಾನರು ಮುಗಿಸಿದ್ರಾ?" ಹೆಂಗಸು ಹೇಳ್ತಾಳೆ, "ಇಲ್ಲ ಸ್ವಾಮಿ, ಔಷಧೀನೇ ಅವರನ್ನ ಮುಗಿಸ್ತು. ಉಳಿದಿದ್ದು ವಾಪಸ್ ತಗೋತೀರಾ?" ಒಬ್ನೇ ನಕ್ಕೆ. ಅದರ ಕೆಳಗೇ, ಒಂದು ಗೆರೆ ಎಳೆದು, ಮಾತ್ರೆ ಜಾಹೀರಾತು. ಲಿವರ್ರು, ತಲೆನೋವು, ಬೇಜಾರು, ಕೂದಲು ಉದುರೋದು, ಎಲ್ಲಕ್ಕೂ ಒಂದೇ ಮಾತ್ರೆ. ಮೇಲೆ ಔಷಧಿ ಕೊಡೋರನ್ನ ಆಡ್ಕೊಂಡು ನಗೋದು, ಕೆಳಗೆ ಅಂಥೋರಿಗೇ ಜಾಗ ಕೊಡೋದು. ಎಂಥಾ ಜನ ಅನ್ನಿಸ್ತು.

ಆ ಜಾಹೀರಾತಲ್ಲಿ ಒಬ್ಬ ವಿಧವೆ ಬರೆದ ಕಾಗದ ಅಚ್ಚು ಹಾಕಿದ್ರು. ಹನ್ನೊಂದು ವರ್ಷ ನನಗೆ ಮೆಟ್ಟಿಲು ಹತ್ತಕ್ಕೆ ಆಗ್ತಿರಲಿಲ್ಲ, ಮೂರು ಡಬ್ಬಿ ಮುಗಿಸಿದ ಮೇಲೆ ದಿನಕ್ಕೆ ನಾಲ್ಕು ಸಲ ಹತ್ತಿ ಇಳೀತೀನಿ, ಅಂತ.

ಪೆಡಲ್ ಮೇಲಿದ್ದ ಕಾಲು ಹಾಗೇ ನಿಂತೋಯ್ತು. ಅಂಥದೇ ಒಂದು ಕಾಗದ ನಾನೂ ಬರೆದಿದ್ದೆ. ಕನ್ನಡದಲ್ಲಿ, ಅದಕ್ಕೂ ಎಂಟು ತಿಂಗಳ ಹಿಂದೆ, ವಿಜಯವಾಡದ ಭವಾನಿಪುರಂನಲ್ಲಿರೋ ನಮ್ಮ ಮನೇಲಿ ಕೂತು.

ಸಕ್ಕರೆ ಕಾಯಿಲೆಗೆ ಅಂತ ಬೇರಿನ ಪುಡಿ ಮಾರೋನು ಒಬ್ಬ ಬಂದಿದ್ದ. ತೆಲುಗಿನವನು, ಮಾತು ಬೆಣ್ಣೆ. ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ ಬಂದು ಇಲ್ಲೇ ಉಳಿದಿರೋ ಕನ್ನಡದೋರ ಮೇಲೆ ಅವನ ಕಣ್ಣು.

"ಸಾರ್, ನಿಮ್ಮೋರಿಗೆ ತೆಲುಗು ಪಾಂಪ್ಲೆಟ್ ಕೊಟ್ರೆ ಕಡಲೆ ಕಟ್ಟಕ್ಕೆ ಹೋಗುತ್ತಂಡಿ. ಕನ್ನಡದಲ್ಲಿದ್ರೆ ದೇವರ ಫೋಟೋ ಪಕ್ಕ ಇಡ್ತಾರೆ. ನೀವು ಒಂದು ಕಾಗದ ಬರೀರಿ."

"ನಂಗೆ ಶುಗರೇ ಇಲ್ವಲ್ಲ ಮಾರಾಯ?"

"ಇಲ್ದೇ ಇರೋದು ಒಳ್ಳೇದೇ ಅಲ್ವೇನಂಡಿ? ವಾಸಿಯಾಗಿದೆ ಅಂತ ಬರೀರಿ!"

ನಕ್ಕುಬಿಟ್ಟೆ. ಬರೆದೂಬಿಟ್ಟೆ. ಅವನು ಕಾಸು ಕೊಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮಾತು ಅಚ್ಚಾಗುತ್ತೆ, ಪಕ್ಕದಲ್ಲಿ ಫೋಟೋ ಬರುತ್ತೆ, ನನಗೆ ಅಷ್ಟೇ ಸಾಕಾಗಿತ್ತು. ನಾಲ್ಕು ಸಲ ತಿದ್ದಿದೆ. "ಮನೆ ಮೆಟ್ಟಿಲು ಹತ್ತಲಾರದೆ ಕಣ್ಣೀರಿಟ್ಟ ನಾನು ಇಂದು ದುರ್ಗಮ್ಮನ ಬೆಟ್ಟ ನಡೆದೇ ಹತ್ತಿದೆ" ಅಂತ ಬಂದಾಗ ಹೆಂಡತೀನ ಅಡುಗೆಮನೆಯಿಂದ ಕರೆದು ಓದಿ ಹೇಳಿದೆ.

"ಬಾಗುಂದಿ," ಅಂದ್ಲು. "ಚೆನ್ನಾಗೇನೋ ಇದೆ. ಆದ್ರೆ ನೀವು ಅತ್ತಿದ್ದು ಯಾವಾಗ?"

ಅವಳ ಮಾತು ಅವತ್ತು ಕಿವಿಗೆ ಹೋಗಲಿಲ್ಲ. ಪಾಂಪ್ಲೆಟ್ ಬಂತು, ಇಲ್ಲಿನ ನಮ್ಮ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲೂ ಓಡಾಡ್ತು, ಎಲ್ಲರೂ ಸೂಪರ್ ಅಂದ್ರು.

ಆ ವಿಧವೆ ಕಾಗದ ನೋಡಿದ ದಿನವೇ ಲೈಬ್ರರಿಯಿಂದ ಊಟದ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿದೆ. "ಆ ಪುಡಿ ನಮ್ಮೋರು ಯಾರಾದ್ರೂ ತಗೋತಿದಾರಾ?"

"ಹಿಂದಿನ ಬೀದಿ ಅಜ್ಜಿ ತಗೋತಿದಾರಲ್ಲ. ಮಾತ್ರೆ ಎಲ್ಲ ಬಿಟ್ಟಿದಾರೆ. ಕಾಲ್ಬೆರಳು ಗಾಯ ಆಗಿ ಕಪ್ಪಾಗಿದೆ. ಆಸ್ಪತ್ರೆಗೆ ಬನ್ನಿ ಅಂದ್ರೆ, ಇನ್ನೊಂದು ಡಬ್ಬಿ ಮುಗೀಲಿ ಅಂತಾರೆ."

ಆ ಅಜ್ಜಿ ಮೈಸೂರು ಕಡೆಯೋರು. ಯಜಮಾನರು ಬ್ಯಾಂಕ್ ಆಫೀಸರಾಗಿದ್ದು ತೀರಿಕೊಂಡ ಮೇಲೂ ಇಲ್ಲೇ ಇದಾರೆ. ತೆಲುಗು ಮಾತಾಡ್ತಾರೆ, ಓದಕ್ಕೆ ಬರಲ್ಲ. ಊಟದ ಡಬ್ಬಿ ಮುಚ್ಚಿಟ್ಟು ರಜೆ ಕೇಳಿದೆ. ಮಾರನೇ ದಿನ ಬೆಳಗಿನ ರೈಲಿಗೆ ವಾಪಸ್ ಬಂದೆ.

ಅಜ್ಜಿ ಕಾಲನ್ನ ಸ್ಟೂಲ್ ಮೇಲಿಟ್ಕೊಂಡು ಕೂತಿದ್ರು. ಕೋಣೇಲಿ ಹೂವು ಕೊಳೆತಂಥ ವಾಸನೆ. ಪಾಂಪ್ಲೆಟ್ ನಿಜವಾಗ್ಲೂ ದೇವರ ಫೋಟೋ ಪಕ್ಕದಲ್ಲೇ ಇತ್ತು. ಅದರಲ್ಲಿ ನಾನು ಹಲ್ಲು ಕಿರಿದು ನಗ್ತಿದ್ದೆ. ಆ ಮುಖಕ್ಕೆ ಉಗೀಬೇಕು ಅನ್ನಿಸ್ತು.

"ಅಜ್ಜಿ, ಅದು ಸುಳ್ಳು. ನಂಗೆ ಶುಗರ್ ಇರಲೇ ಇಲ್ಲ. ಬೆಟ್ಟ ನಾನು ಮುಂಚೆನೂ ಹತ್ತುತಿದ್ದೆ."

ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ ಮತ್ತೆ ಹಾಕ್ಕೊಂಡ್ರು.

"ಏನಪ್ಪಾ, ನಮ್ಮೋರು ಕನ್ನಡದಲ್ಲಿ ಸುಳ್ಳು ಬರೀತಾರಾ? ಈ ಊರಿಗೆ ಬಂದು ನಲವತ್ತು ವರ್ಷ ಆಯ್ತು. ಕನ್ನಡದಲ್ಲಿ ಓದಕ್ಕೆ ಅಂತ ಕೈಗೆ ಸಿಗೋದೇ ಅಪರೂಪ. ಸಿಕ್ಕಿದ್ದನ್ನ ನಂಬಿಬಿಟ್ಟೆ."

ನನ್ನ ಕಣ್ಣು ತುಂಬ್ಕೊಂತು.

"ಅಳಬೇಡ. ಕಣ್ಣೀರಿಟ್ಟೆ ಅಂತ ಮುಂಚೆನೇ ಬರ್ದಿದೀಯಲ್ಲ, ಅಷ್ಟು ಸಾಕು. ಆಟೋ ಕರಿ."

ಬೆಂಜ್ ಸರ್ಕಲ್ ಹತ್ರದ ಆಸ್ಪತ್ರೇಲಿ ಡಾಕ್ಟರು ನೋಡಿ, ಬೆರಳು ಉಳಿಯಲ್ಲ, ಪಾದ ಉಳಿಸ್ಕೊಬಹುದು, ಇನ್ನೂ ತಡ ಆಗಿದ್ರೆ ಅದೂ ಕಷ್ಟ ಇತ್ತು ಅಂದ್ರು. ಒಂದು ಬೆರಳು ತೆಗೆದ್ರು.

ಅಜ್ಜಿ ಒಳಗಿದ್ದಾಗ ನಾನು ಹೊರಗೆ ಬೆಂಚ್ ಮೇಲೆ ಕೂತು ಗ್ರೂಪಿಗೆ ಟೈಪ್ ಮಾಡಿದೆ. ನನ್ನ ಕಾಗದ ಶುದ್ಧ ಸುಳ್ಳು, ಯಾರೂ ಮಾತ್ರೆ ಬಿಡಬೇಡಿ, ಒಬ್ಬರ ಕಾಲ್ಬೆರಳು ಹೋಯ್ತು, ಅಂತ. ಎರಡು ಬೆರಳಲ್ಲಿ ಅಷ್ಟಕ್ಕೇ ಮುಕ್ಕಾಲು ಗಂಟೆ ಹಿಡೀತು. ಓದಿದೋರು ಒಬ್ಬರು ಕೈ ಮುಗಿಯೋ ಚಿತ್ರ ಹಾಕಿದ್ರು. ಇನ್ನೊಬ್ಬರು ಗಂಡ ಹೆಂಡತಿ ಜೋಕು ಕಳಿಸಿದ್ರು. ಅದಕ್ಕೆ ಹನ್ನೆರಡು ಜನ ನಕ್ರು. ಅದರ ಕೆಳಗೆ ಯಾರೋ ಅದೇ ಪುಡಿಯ ಹೊಸ ಜಾಹೀರಾತು ಫಾರ್ವರ್ಡ್ ಮಾಡಿದ್ರು. ಈ ಸಲ ತೆಲುಗಲ್ಲಿ. ನನ್ನ ಮೆಟ್ಟಿಲು, ನನ್ನ ಕಣ್ಣೀರು, ನನ್ನ ದುರ್ಗಮ್ಮನ ಬೆಟ್ಟ. ಫೋಟೋ ಮಾತ್ರ ಬೇರೆ ಯಾರದೋ. ಮೇಲೆ ಜೋಕು, ಕೆಳಗೆ ಔಷಧಿ. ಗೆರೆ ಒಂದು ಇರಲಿಲ್ಲ ಅಷ್ಟೇ. ಎದ್ದು ಹೋಗಿ ಮುಖ ತೊಳ್ಕೊಂಡೆ.

ಪುಡಿಯೋನಿಗೆ ಫೋನ್ ಮಾಡಿದೆ. "ನಾನು ಬರೆದಿದ್ದು ತೆಗೀರಿ" ಅಂದೆ. "ಅದೀಗ ನಿಮ್ದೆಲ್ಲಿ ಸಾರ್, ಊರೋರದಂಡಿ" ಅಂತ ನಕ್ಕು ಇಟ್ಟ. ಆಮೇಲೆ ಎಷ್ಟು ಸಲ ಮಾಡಿದ್ರೂ ಎತ್ತಲಿಲ್ಲ.

ವಾರ ಕಳೆದು ಅಜ್ಜಿ ಮನೆಗೆ ಬಂದ್ರು. ಮಾತ್ರೆ ಪಟ್ಟಿಗಳ ಮೇಲೆ ಎಲ್ಲಾ ಇಂಗ್ಲಿಷು. ದೇವರ ಫೋಟೋ ಪಕ್ಕದಿಂದ ಪಾಂಪ್ಲೆಟ್ ಎಳೆದು, ಹಿಂದಿನ ಖಾಲಿ ಕಡೆ ತಿರುಗಿಸಿ ನನ್ನ ಮುಂದಿಟ್ರು.

"ಯಾವುದು ಯಾವಾಗ ಅಂತ ಬರಿ. ದೊಡ್ಡ ಅಕ್ಷರದಲ್ಲಿ."

ಡಾಕ್ಟರ ಚೀಟಿ ನೋಡ್ಕೊಂಡು ಬರೆದೆ. ಬಿಳೀ ಮಾತ್ರೆ, ಬೆಳಿಗ್ಗೆ ಒಂದು, ತಿಂಡಿಗೆ ಮುಂಚೆ. ಹಳದಿ ಮಾತ್ರೆ, ರಾತ್ರಿ ಒಂದು, ಊಟ ಆದ ಮೇಲೆ. ಅಲ್ಲಿಗೆ ಮುಗೀತು. ಆದ್ರೆ ಪೆನ್ನು ಎತ್ತಕ್ಕೆ ಮನಸ್ಸಿಲ್ಲ. "ತಪ್ಪದೆ ಸೇವಿಸಿದರೆ ಖಂಡಿತ ಗುಣ" ಅಂತ ಒಂದು ಸಾಲು ಬೆರಳ ತುದೀಲಿ ಬಂದು ನಿಂತಿತ್ತು. ಥೂ ನನ್ನ ಬುದ್ಧಿಗೆ ಅನ್ಕೊಂಡು ಪೆನ್ನಿಗೆ ಮುಚ್ಚಳ ಹಾಕಿದೆ.

"ಓದು," ಅಂದ್ರು ಅಜ್ಜಿ. ಓದಿದೆ.

"ನಿಂದೇನಾದ್ರೂ ಸೇರಿಸಿದೀಯಾ?"

"ಇಲ್ಲ ಅಜ್ಜಿ."

ಅವರು ಹಾಳೆ ಇಸ್ಕೊಂಡು, ಮಾತ್ರೆ ಪಟ್ಟಿಗಳ ಕೆಳಗಿಟ್ರು.

"ಆಗ್ಲಿ. ಆದ್ರೂ ನಿನ್ನ ಹೆಂಡತೀನ ಕಳಿಸು. ಅವಳೊಂದು ಸಲ ಚೀಟಿ ಜೊತೆ ಇಟ್ಟು ನೋಡ್ಲಿ. ಆಮೇಲೆ ತಗೋತೀನಿ."