ಸಿದ್ದೇಶ್ವರನ ತಟ್ಟೆಯಲ್ಲಿ ಬಂದ ಮಾತ್ರೆ

ನಮ್ಮೂರ ಸಿದ್ದೇಶ್ವರಸ್ವಾಮಿಗೆ ನಡೆದುಕೊಳ್ಳುವ ಎಲ್ಲರಿಗೂ ಶರಣು. ಸ್ವಾಮಿಯ ಮಹಿಮೆಯನ್ನು ಬರೆಯಲು ಕೂತಿದ್ದೇನೆ. ಅದರ ಜೊತೆಗೆ ನಮ್ಮ ಮನೆಯವರ ದಡ್ಡತನವನ್ನೂ ಬರೆಯದೆ ವಿಧಿಯಿಲ್ಲ. ಅಷ್ಟೊಂದು ದಡ್ಡತನ ಇಲ್ಲದಿದ್ದರೆ ಸ್ವಾಮಿ ಇಷ್ಟು ಶ್ರಮ ತೆಗೆದುಕೊಳ್ಳಬೇಕಾಗಿಯೇ ಇರಲಿಲ್ಲ.

ನನ್ನ ತವರು ಎಚ್.ಡಿ. ಕೋಟೆ ಕಡೆ, ಕೊಟ್ಟದ್ದು ಭೇರ್ಯದ ಹತ್ತಿರದ ಹಳ್ಳಿಗೆ. ಮೊದಲ ಮಗು ಹೆಣ್ಣು. ಹುಟ್ಟಿದಾಗ ಎರಡು ಕೈಯಲ್ಲಿ ಹಿಡಿದರೆ ಕೈಯೇ ದೊಡ್ಡದಾಗಿ ಕಾಣುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ವಾರ ಉಸಿರಾಡಿ ಹೋಗಿಬಿಟ್ಟಿತು. ಮಗು ಹೊಟ್ಟೆಯಲ್ಲೇ ಬೆಳೆದಿರಲಿಲ್ಲ, ತಾಯಿಗೆ ರಕ್ತ ತೀರಾ ಕಡಿಮೆ ಇತ್ತು ಎಂದರು ಡಾಕ್ಟರು. ನಮ್ಮ ಅತ್ತೆ ಪುಟ್ಟಗೌರಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, "ಯಾರ ಕಣ್ಣು ಬಿತ್ತೋ ಕಾಣೆ" ಎಂದು ಊರಿನ ಹೆಂಗಸರ ಹೆಸರನ್ನೆಲ್ಲ ಒಂದೊಂದಾಗಿ ತೆಗೆದರು. ನಾನು ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದ ರಕ್ತದ ಮಾತ್ರೆಗಳನ್ನು ಬಚ್ಚಲ ಒಲೆಗೆ ಹಾಕಿದವರ ಹೆಸರು ಮಾತ್ರ ಬರಲಿಲ್ಲ.

ಕಳೆದ ವರ್ಷ ಮತ್ತೆ ಗರ್ಭಿಣಿಯಾದೆ. ಅತ್ತೆಯ ಪಾಠವೂ ಮತ್ತೆ ಶುರುವಾಯಿತು. "ಆ ಮಾತ್ರೆ ನುಂಗುದ್ರೆ ಕೂಸು ದಪ್ಪ ಆಯ್ತದೆ ಕಣವ್ವ. ಈಚೆಗೆ ಬರಕಾಗ್ದೆ ಒಟ್ಟೆ ಕುಯ್ತಾರೆ. ನಾನು ನಾಕು ಎತ್ತಿಲ್ವಾ? ಯಾವ ಮಾತ್ರೆ ನುಂಗಿದ್ದೆ?"

ನಾಲ್ಕು ಹೆತ್ತದ್ದು ನಿಜ. ಉಳಿದದ್ದು ನಮ್ಮ ಯಜಮಾನರು ಒಬ್ಬರೇ. ಅಷ್ಟನ್ನು ಅವರು ಯಾರಿಗೂ ಹೇಳುವುದಿಲ್ಲ.

ಮಗು ಸಣ್ಣದಾಗಿದ್ದರೆ ಹೆರಿಗೆ ಸುಲಭ ಎಂದು ನನ್ನ ಮುದ್ದೆಯನ್ನೂ ಅರ್ಧಕ್ಕೆ ಇಳಿಸಿದರು. ಮಾತ್ರೆಗಳೆಲ್ಲ ಅವರ ಟ್ರಂಕಿನಲ್ಲಿ. ನಾನು ಕದ್ದು ತಂದು ದಿಂಬಿನಡಿ ಇಟ್ಟುಕೊಂಡದ್ದೂ ಅಲ್ಲಿಗೇ ಸೇರಿತು. ಯಜಮಾನರಿಗೆ ಹೇಳಿದೆ. ಯಜಮಾನರು ಎಂದು ಬರೆಯುವುದು ರೂಢಿ, ಮನೆಯ ಯಜಮಾನಿಕೆ ಅವರ ಅವ್ವನದು. "ಅವ್ವ ನಮ್ಗೆ ಕೆಟ್ಟದ್ ಬಯುಸ್ತಾಳಾ? ಸುಮ್ಕಿರು ಬುಡು" ಎಂದು ಮೊಬೈಲು ನೋಡುತ್ತಾ ಕೂತರು.

ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸುವೂ ಗಬ್ಬವಾಗಿತ್ತು. ಅದರ ವೈಭವ ನೋಡಬೇಕಿತ್ತು! ಡೈರಿಯಿಂದ ತಂದ ಖನಿಜದ ಪುಡಿ, ಬಾಟಲಿಯ ಕ್ಯಾಲ್ಸಿಯಂ, ಹಿಂಡಿ, ಬೂಸಾ. ಅತ್ತೆ ಪುಡಿಗೆ ಬೆಲ್ಲ ಕಲಸಿ, ಅದರ ಕತ್ತಿನ ಗಂಗೆದೊಗಲು ನೀವುತ್ತಾ ತಿನ್ನಿಸುತ್ತಿದ್ದರು. "ಕರ ಗಟ್ಟಿಮುಟ್ಟಾಗಿ ಉಟ್ಬೇಕಲ್ಲವ್ವ" ಎನ್ನುತ್ತಿದ್ದರು.

"ಅತ್ತೆ, ಹಸುಗೆ ಕೊಡೋದನ್ನ ನಂಗೂ ಕೊಡಿ" ಎಂದೆ.

"ದನಕ್ಕೂ ನಿನ್ಗೂ ಸಮ ಮಾಡ್ಕತೀಯಾ? ಏನ್ ಮಾತಾಡೀಯೇ ನೀನು!"

ಸಮ ಮಾಡಿದ್ದರೆ ಸಾಕಿತ್ತು ನನಗೆ.

ಆಷಾಢದ ಕೊನೆಗೆ ಕೆ.ಆರ್. ನಗರಕ್ಕೆ ಸ್ಕ್ಯಾನಿಂಗಿಗೆ ಹೋದೆವು. ನಿಂತೇ ಹೋಗಬೇಕಾದ ಬಸ್ಸು, ಕಣ್ಣು ಕತ್ತಲೆ ಬರುತ್ತಿತ್ತು. ಡಾಕ್ಟರಮ್ಮ ಪರದೆ ನೋಡಿ ಮುಖ ಗಂಟಿಕ್ಕಿದರು. "ಆರನೇ ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ. ರಕ್ತವೂ ಕಡಿಮೆ. ಮಾತ್ರೆ ತಗೊಳ್ತಿದ್ದೀರಾ?" ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಊಂ ಕಣವ್ವ, ದಿನಾ ನುಂಗ್ತಾಳೆ" ಎಂದರು. ನಾನು, "ಸುಳ್ಳು, ಒಂದೂ ನುಂಗಿಲ್ಲ" ಎಂದೆ. ಡಾಕ್ಟರಮ್ಮ ಅತ್ತೆಯನ್ನು ಚೆನ್ನಾಗಿ ಬೈದರು. ಹೊಟ್ಟೆ ತುಂಬ ಊಟ ಮಾಡಿ ರಕ್ತದ ಮಾತ್ರೆ, ಬೇರೆ ಹೊತ್ತಿನಲ್ಲಿ ಕ್ಯಾಲ್ಸಿಯಂ, ಎರಡನ್ನೂ ಒಟ್ಟಿಗೆ ನುಂಗಬಾರದು ಎಂದು ಬಿಡಿಸಿ ಹೇಳಿದರು.

ಮನೆಗೆ ಬಂದು ಅತ್ತೆ ಘೋಷಣೆ ಮಾಡಿದರು: "ಸೋಮಾರ ಅಷ್ಟು ಮಾತ್ರೇನೂ ಸ್ವಾಮಿ ಪಾದಕ್ಕೆ ಒಪ್ಪುಸ್ಬುಡ್ತೀನಿ. ಇನ್ಮೇಕೆ ಕೂಸು ಅವನ ಭಾರ." ಯಜಮಾನರು ಒಳ್ಳೆಯ ಉಪಾಯ ಎಂಬಂತೆ ತಲೆ ಆಡಿಸಿದರು.

ಶ್ರಾವಣದ ಮೊದಲ ಸೋಮವಾರ. ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಬಿಲ್ವಪತ್ರೆ, ಅದರ ನಡುವೆ ನನ್ನ ಮಾತ್ರೆಯ ಹಾಳೆಗಳು. ನನ್ನ ಹೆಸರಿನಲ್ಲೇ ಅರ್ಚನೆ ಮಾಡಿಸಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಇಷ್ಟು ದಿನ ಸಿಟ್ಟಿನಲ್ಲೇ ಬದುಕಿದ್ದವಳಿಗೆ ಅಂದು ಸಿಟ್ಟೂ ಬರಲಿಲ್ಲ, ಭಯವಾಯಿತು. ಈ ಮಗುವೂ ಹೋಗುತ್ತದೆ ಎಂದು ಖಚಿತವಾಗಿಬಿಟ್ಟಿತ್ತು. "ಸ್ವಾಮಿ, ಈ ಜನಕ್ಕೆ ಹೇಳಿ ಹೇಳಿ ನನಗೆ ಸಾಕಾಗಿದೆ. ಇದೊಂದನ್ನು ಉಳಿಸಿಕೊಡು" ಎಂದೆ. ಅದಕ್ಕಿಂತ ಹೆಚ್ಚು ಬೇಡಲು ಶಕ್ತಿ ಇರಲಿಲ್ಲ.

ಮಂಗಳಾರತಿ ಆಯಿತು. ಪೂಜೆಯ ಅಯ್ನೋರು ಮುದುಕರು. ಎಲ್ಲರ ತಟ್ಟೆ ಕೊಟ್ಟ ಹಾಗೆ ನಮ್ಮದನ್ನೂ ಈಚೆಗೆ ತಂದು ನೀಡಿದರು. ಹೋಳು ಕಾಯಿ, ಹಣ್ಣು, ಹೂವು, ಅದರ ಮೇಲೆ ವಿಭೂತಿ ಮೆತ್ತಿಕೊಂಡ ಮಾತ್ರೆಯ ಹಾಳೆಗಳು. ಒಂದೂ ಕಡಿಮೆಯಾಗಿರಲಿಲ್ಲ.

"ತಗಳವ್ವ ಪುಟ್ಗೌರಿ, ಪ್ರಸಾದ."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಅದು ಅಲ್ಲೇ ಇರ್ಲಿ ಬುಡಿ ಅಯ್ನೋರೆ, ಸ್ವಾಮಿಗೆ ಒಪ್ಪುಸ್ಬುಟ್ಟಿವ್ನಿ."

"ಒಪ್ಪುಸುದ್ ಮ್ಯಾಕೆ ಅದು ಪ್ರಸಾದ ಅಲ್ವೇನವ್ವ? ಯಾರ ಎಸರಲ್ಲಿ ಅರ್ಚನೆ ಮಾಡುಸ್ದೆ?"

"ಸೊಸೆ ಎಸರಲ್ಲಿ."

"ಅಂಗಾರೆ ಅವಳ್ಗೆ ಕೊಡು. ಪ್ರಸಾದ ಬ್ಯಾಡ ಅನ್ಬಾರ್ದು ಕಣವ್ವ, ಸ್ವಾಮಿ ಮುನಿಸ್ಕತನೆ."

ಇಡೀ ದೇವಸ್ಥಾನ ನೋಡುತ್ತಿತ್ತು. ಪ್ರಸಾದವನ್ನು ಒಲೆಗೆ ಹಾಕುವ ಹಾಗಿಲ್ಲ, ತಿಪ್ಪೆಗೆ ಎಸೆಯುವ ಹಾಗಿಲ್ಲ, ಟ್ರಂಕಿನಲ್ಲಿ ಬಚ್ಚಿಡುವ ಹಾಗೂ ಇಲ್ಲ. ಡಾಕ್ಟರಿಗೆ ಹೆದರದ ಹೆಂಗಸು ಎರಡೂ ಕೈ ಚಾಚಿ ತಟ್ಟೆ ಹಿಡಿದುಕೊಂಡರು.

ಅಯ್ನೋರು ಬೇಕೆಂದೇ ಹಾಗೆ ಮಾಡಿದರು, ಜಾಣರು ಎಂದುಕೊಂಡೆ. ಮರುದಿನ ಹೋಗಿ ಕಾಲಿಗೆ ಬಿದ್ದು, ತಟ್ಟೆ ವಾಪಸು ಕೊಟ್ಟು ದೊಡ್ಡ ಉಪಕಾರ ಮಾಡಿದಿರಿ ಎಂದೆ. ಅವರು ಬೆರಗಾಗಿ, "ಏನಿತ್ತವ್ವ ತಟ್ಟೇಲಿ? ನಂಗೆ ಎರಡು ಕಣ್ಗೂ ಪೊರೆ ಬಂದದೆ. ಕೈಗೆ ಸಿಕ್ಕಿದ್ದ ಎತ್ತಿ ಕೊಟ್ಟೆ" ಎಂದರು. ಆಗ ನನ್ನ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವೆಲ್ಲ ಸ್ವಾಮಿಯ ಮುಂದೆ ಹರಿದುಹೋಯಿತು.

ಅಂದಿನಿಂದ ಅತ್ತೆಯೇ ದೇವರ ಮನೆಯಿಂದ ಮಾತ್ರೆ ತಂದು, ಕಣ್ಣಿಗೊತ್ತಿಕೊಂಡು, ನನ್ನ ಅಂಗೈಗೆ ಹಾಕುತ್ತಿದ್ದರು. ಎರಡನ್ನೂ ಒಟ್ಟಿಗೆ ಕೊಡಬಾರದು ಎಂದೆ. ಎರಡು ಹೊತ್ತು ಪೂಜೆ ಮಾಡಿ ಒಂದೊಂದಾಗಿ ಕೊಟ್ಟರು. ಹೊಟ್ಟೆ ತುಂಬಿರಬೇಕು, ಪ್ರಸಾದ ವಾಂತಿಯಾದರೆ ನಿಮಗೇ ದೋಷ ಎಂದೆ. ಮುದ್ದೆ ಪೂರ್ತಿಯಾಯಿತು, ನುಗ್ಗೆಸೊಪ್ಪಿನ ಸಾರು ಬಂತು, ಹಾಲು ಬಂತು. ಹಸುವಿನ ಮಟ್ಟಕ್ಕೆ ನಾನೂ ಏರಿದೆ.

ಎಂಟನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಡಾಕ್ಟರಮ್ಮ, "ಪರವಾಗಿಲ್ಲ, ಮಗು ಬೆಳೆಯುತ್ತಿದೆ" ಎಂದರು. ಕಾರ್ತಿಕ ಮುಗಿಯುವ ಹೊತ್ತಿಗೆ ಕೆ.ಆರ್. ನಗರದಲ್ಲೇ ಹೆರಿಗೆಯಾಯಿತು. ಹೊಟ್ಟೆ ಕುಯ್ಯಲಿಲ್ಲ. ಹೆಣ್ಣು ಮಗು, ತೂಕ ಎರಡೂವರೆ ಕೆಜಿ ದಾಟಿತ್ತು, ಅಳು ಆಸ್ಪತ್ರೆಯ ಓಣಿಯ ಕೊನೆಗೂ ಕೇಳುವಂತಿತ್ತು. ಯಜಮಾನರು, "ನಾನ್ ಏಳ್ಲಿಲ್ವಾ, ಅವ್ವ ಕೆಟ್ಟದ್ ಬಯ್ಸಕಿಲ್ಲ ಅಂತ" ಎಂದರು.

ಮಗುವಿಗೆ ಹಾಲೂಡಿಸುವಷ್ಟು ದಿನವೂ ಮಾತ್ರೆ ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಮೊನ್ನೆ ದೇವರ ಮನೆಯ ಮಾತ್ರೆಯ ತಟ್ಟೆ ಬರಿದಾಯಿತು. ನಾನು ಏನೂ ಹೇಳಿರಲಿಲ್ಲ. ಅತ್ತೆ ತಾವಾಗಿಯೇ ನನ್ನನ್ನೂ ಮಗುವನ್ನೂ ಆಟೋ ಹತ್ತಿಸಿಕೊಂಡು ಭೇರ್ಯದ ಸರ್ಕಾರಿ ಆಸ್ಪತ್ರೆಗೆ ಹೊರಟರು. ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ತಳ್ಳಿಕೊಂಡು ಕಿಟಕಿಗೆ ಹೋಗಿ, "ಸಿದ್ದೇಸ್ವರನ ಪ್ರಸಾದ ಮುಗ್ದೋಗದೆ ಕಣ್ರವ್ವ, ಇನ್ನೊಂದಷ್ಟು ಕೊಡಿ" ಎಂದರು. ಒಳಗಿದ್ದ ನರ್ಸಮ್ಮ ಬೆಪ್ಪಾಗಿ ನನ್ನ ಮುಖ ನೋಡಿದರು. "ರಕ್ತದ ಮಾತ್ರೆ ಮೇಡಂ" ಎಂದೆ.

ಸ್ವಾಮಿಗೆ ಕೋಟಿ ನಮಸ್ಕಾರ. ನಾನು ಬೇಡಿದ್ದು ಮಗುವನ್ನು, ಕೊಟ್ಟ. ಇವರಿಗೆ ಬುದ್ಧಿ ಕೊಡು ಎಂದು ಬೇಡಿರಲಿಲ್ಲ. ಅದು ಅವನಿಗೂ ಕಷ್ಟದ ಕೆಲಸವೇ ಇರಬೇಕು, ಮಾತ್ರೆಗೆ ವಿಭೂತಿ ಹಚ್ಚಿ ಕೊಟ್ಟು ಸುಮ್ಮನಾದ.