ಮಾವನವರು ಹಾಕುತ್ತಿದ್ದ ಎಣ್ಣೆ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ಸೋಪು ಹಚ್ಚಿ ತಿಕ್ಕಿದರೂ ಹೋಗದ ಗೆರೆ. ನಾನು ಸೊಸೆಯಾಗಿ ಬನಹಟ್ಟಿಗೆ ಬಂದ ಹೊಸತರಲ್ಲಿ ಅವರ ತಾಟಿಗೆ ರೊಟ್ಟಿ ಹಾಕುವಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಂದು ದಿನ ಅವರೇ ನಕ್ಕು ಹೇಳಿದರು: "ಹೊಲಸಲ್ಲವ್ವಾ ಇದು, ಮಗ್ಗದ ಎಣ್ಣಿ. ನಾ ಹೋಗೂತನಕಾ ಇದೂ ಹೋಗೂದಿಲ್ಲ."

ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ಪಾವರ್‌ಲೂಮ್ ಮಗ್ಗಗಳಿದ್ದವು. ಬೆಳಿಗ್ಗೆ ಚಹಾಕ್ಕಿಂತ ಮೊದಲು ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಹೋಗಿ, ತಿರುಗುವ ಜಾಗಕ್ಕೆಲ್ಲ ನಾಲ್ಕು ನಾಲ್ಕು ಹನಿ ಬಿಟ್ಟು, ಮಗ್ಗ ಚಾಲೂ ಮಾಡಿ, ತಲೆ ಓರೆ ಮಾಡಿ ಸಪ್ಪಳ ಕೇಳುತ್ತ ನಿಲ್ಲುವುದು ಅವರ ರೂಢಿ. ಖಂಡೇನವಮಿಯ ಆಯುಧಪೂಜೆಯಲ್ಲಿ ಮಗ್ಗಗಳಿಗಿಂತ ಮೊದಲು ಆ ಡಬ್ಬಿಗೇ ವಿಭೂತಿ ಬೀಳುತ್ತಿತ್ತು. ಮನೆಯಲ್ಲಿ ಕಿರುಗುಟ್ಟುವ ಯಾವುದನ್ನೂ ಅವರ ಜೀವ ಸಹಿಸುತ್ತಿರಲಿಲ್ಲ. "ನಿನ್ನ ಮಿಕ್ಸರ್ ಅಳಾಕತ್ತೈತಿ ನೋಡವ್ವಾ" ಎಂದು ಅಡುಗೆಮನೆಗೇ ಬಂದುಬಿಡುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಕೂಸಿಗೆ ಹೆಸರಿಡುವ ದಿನ, ತೊಟ್ಟಿಲು ತೂಗುತ್ತಿದ್ದ ಹೆಂಗಸರನ್ನೆಲ್ಲ ಸರಿಸಿ ಕೊಂಡಿಗಳಿಗೆ ಎಣ್ಣೆ ಬಿಟ್ಟು ಬಂದಿದ್ದರು. ಅಯ್ಯ, ಎಷ್ಟು ನಗಾಡಿದ್ದೆವು ಅವತ್ತು!

ಆಮೇಲೆ ಅವರ ಮೊಣಕಾಲು ಕೈಕೊಟ್ಟವು, ಸೀರೆಯ ಆರ್ಡರೂ ಕಡಿಮೆಯಾದವು, ಮಗ್ಗಗಳನ್ನು ಮಾರಿದೆವು. ಎಣ್ಣೆ ಡಬ್ಬಿಯನ್ನು ಮಾತ್ರ ಅವರು ಕೊಡಲಿಲ್ಲ. ಅದೇ ಹೊತ್ತಿಗೆ ನಾನು ಪಾಠ ಮಾಡುವ ತೇರದಾಳದ ಶಾಲೆಗೆ ಹೋಗಿಬರಲೆಂದು ಮುಧೋಳದವರೊಬ್ಬರ ಹಳೆಯ ಕಾರು ಕೊಂಡೆ. ಸೆಕೆಂಡ್ ಹ್ಯಾಂಡ್ ಎನ್ನುವುದು ಮರ್ಯಾದೆಗೆ, ಅದು ಎಷ್ಟನೆಯ ಕೈಯೋ ದೇವರೇ ಬಲ್ಲ.

ಇಂಜಿನ್ ಎಣ್ಣೆ ಬದಲಿಸುವ ಮಾತು ಬಂದಾಗ ನಾನು ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ, ಹೊಸ ಕಾರಿಗೆ ಹಾಕುವಂಥ ತುಟ್ಟಿಯ ತೆಳು ಎಣ್ಣೆ ತಂದೆ. ಮಾವನವರು ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡಿದರು.

"ಭಾಳ ತೆಳ್ಳಗ ಆತವ್ವಾ. ಹಳೇ ಯಂತ್ರ ಒಳಗ ಸವದಿರತೈತಿ, ಸಂದಿಯೊಳಗ ಇದು ನಿಲ್ಲೂದಿಲ್ಲ. ದಪ್ಪಂದು ಹಾಕು."

"ಮಾವಾರ, ಇದು ಮಗ್ಗ ಅಲ್ರೀ, ಕಾರು" ಎಂದೆ. ಅವರು ನಕ್ಕರು, ನಾನು ತೆಳುವಾದದ್ದನ್ನೇ ಹಾಕಿಸಿದೆ.

ಸ್ವಲ್ಪ ದಿನಕ್ಕೆ, ಸಪ್ಪಳ ಕೇಳಿಯೇ ಎಣ್ಣೆ ಕಮ್ಮಿಯಾಗುತ್ತಿದೆ ಎಂದು ಅವರೇ ದಪ್ಪ ಎಣ್ಣೆ ತರಿಸಿ ಅದೇ ಡಬ್ಬಿಗೆ ತುಂಬಿಕೊಂಡರು. ದಿನಾ ಬೆಳಿಗ್ಗೆ ನಾನು ಹೊರಡುವ ಮೊದಲು ಬಾನೆಟ್ ಎತ್ತಿ ಒಂದಿಷ್ಟು ಸುರಿದು, ನಾನು ಚಾಲೂ ಮಾಡಿದಾಗ ತಲೆ ಓರೆ ಮಾಡಿ ನಿಲ್ಲುತ್ತಿದ್ದರು. ನನಗೆ ಗೊತ್ತಿತ್ತು. ಮುದುಕರಿಗೆ ಹೊತ್ತು ಹೋಗುತ್ತದೆ, ಹೋಗಲಿ ಬಿಡು ಅಂದುಕೊಂಡೆ. ಇಂಜಿನ್ನಿನ ಎಣ್ಣೆಕಡ್ಡಿ ಎಳೆದು ಮಟ್ಟ ನೋಡುವುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಗ್ಗಕ್ಕೆ ಹೆಚ್ಚಾದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿ ಹೋಗುತ್ತದೆ. ಕಾರಿನಲ್ಲಿ ಅದೆಲ್ಲಿಗೆ ಹೋದೀತು?

ಒಂದು ದಿನ ಶಾಲೆಯ ಗೇಟಿನಲ್ಲೇ ಕಾರು ಬುಸುಬುಸು ಹೊಗೆ ಉಗುಳಿತು. ಮಕ್ಕಳೆಲ್ಲ ಕೇಕೆ ಹಾಕಿದರು. "ಮೇಡಂ, ಸಕ್ಕರಿ ಫ್ಯಾಕ್ಟರಿ ಸಾಲಿಗೇ ತಂದೀರೇನ್ರಿ?" ಎಂದು ಜೊತೆಯ ಮಾಸ್ತರರೊಬ್ಬರು ಚಾಷ್ಟಿ ಮಾಡಿದರು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ. ಕಾರನ್ನು ಜಮಖಂಡಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ.

ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿ, "ಅಕ್ಕಾರ, ಎಣ್ಣಿ ಮ್ಯಾಲಿನ ಗೆರಿ ದಾಟಿ ಎಲ್ಲೋ ಹೋಗೇತ್ರಿ. ಯಾರ ಸುರವ್ಯಾರ್ರಿ ಇಷ್ಟ?" ಎಂದ. ಎಲ್ಲವನ್ನೂ ಬಸಿದು ತೆಗೆದ ಮೇಲೆ ಇನ್ನೊಂದು ಮಾತೂ ಹೇಳಿದ. "ಆದ್ರ ತೆಳ್ಳಂದ ಇನ್ನ ಹಾಕಬ್ಯಾಡ್ರಿ. ಗಾಡಿ ಪುಸ್ತಕದಾಗ ಎರಡ ನಮೂನಿ ಎಣ್ಣಿ ಬರದಾರ. ಸವದ ಇಂಜಿನ್ ಇದು, ನಮ್ಮ ಕಡೆ ಬಿಸಲೂ ಭಾಳ. ಅದರಾಗ ದಪ್ಪಂದ ಛಲೋ."

ಎಣ್ಣೆ ಆರಿಸಿದ್ದರಲ್ಲಿ ಮಾವನವರದು ಸರಿ, ಸುರಿದದ್ದರಲ್ಲಿ ತಪ್ಪು. ಎರಡನ್ನೂ ಅವರಿಗೆ ಹೇಳಬೇಕಿತ್ತು. ಮನೆಗೆ ಬಂದಾಗ ಅವರು ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು, ಡಬ್ಬಿ ಪಕ್ಕದಲ್ಲೇ ಇತ್ತು.

"ಏನಾತವ್ವಾ? ನಾ ಹಾಕಿದ್ದಕ್ಕ ಕೆಡ್ತೇನು?"

"ಹೂಂ ರೀ. ಮಗ್ಗ ಮಾರಿ ಆತಲ್ರೀ ಮಾವಾರ, ಇನ್ನ ಸಾಕು ಮಾಡ್ರಿ. ನನ್ನ ಗಾಡಿ ಮುಟ್ಟಬ್ಯಾಡ್ರಿ."

ಅವರು ಡಬ್ಬಿಯನ್ನು ಎತ್ತಿಕೊಂಡು ಒಳಗೆ ಹೋದರು. ಮೆಕ್ಯಾನಿಕ್ ಹೇಳಿದ ಇನ್ನರ್ಧ ನನ್ನ ಬಾಯಲ್ಲೇ ಉಳಿಯಿತು. ಹೇಳಲಿಲ್ಲ ನಾನು, ಅಂಥ ಮೊಂಡಿ.

ಮರುದಿನ ಕಾರು ಚಾಲೂ ಮಾಡಿದೆ. ಮಾವನವರು ಕಟ್ಟೆಯ ಮೇಲಿಂದಲೇ ತಲೆ ಓರೆ ಮಾಡಿ ಕೇಳಿದರು. "ಸಪ್ಪಳ ಛಲೋ ಆಗೇತಿ. ಯಾವ ಎಣ್ಣಿ ಹಾಕಿಸಿದಿ?"

ಎಂಥ ಸಲೀಸಾದ ಅವಕಾಶ ಅದು! ನೀವು ಹೇಳಿದ್ದೇ ರೀ ಮಾವಾರ, ದಪ್ಪಂದು. ಇಷ್ಟೇ ಸಾಕಿತ್ತು.

"ಗ್ಯಾರೇಜಿನಂವ ಹಾಕ್ಯಾನ್ರಿ" ಎಂದು ಗೇರು ಹಾಕಿ ಹೊರಟುಬಿಟ್ಟೆ.

ಆಮೇಲೆ ಅವರು ಡಬ್ಬಿ ಮುಟ್ಟಲಿಲ್ಲ. ಮಿಕ್ಸರ್ ಅತ್ತರೂ ಅಡುಗೆಮನೆಗೆ ಬರಲಿಲ್ಲ. ಒಮ್ಮೆ ನಾನೇ ಬೇಕಂತಲೇ ಗೇಟನ್ನು ಎರಡು ಸಲ ಕಿರುಗುಟ್ಟಿಸಿ, "ಮಾವಾರ, ಇದಕ್ಕೊಂದೀಟು ಎಣ್ಣಿ ಬಿಡ್ರೆಲಾ" ಎಂದೆ.

"ಇರಲಿ ಬಿಡವ್ವಾ, ತಾನ ಸುಮ್ಮನಾಗತೈತಿ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಒಂದು ಮಾತಾಡಿ ಹಗುರಾಗುತ್ತಿದ್ದೆನೇನೋ.

ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಚಹಾ ಒಯ್ದಾಗ ಅವರು ಏಳಲಿಲ್ಲ. ಕೊನೆಯ ಸ್ನಾನ ಮಾಡಿಸಿ ವಿಭೂತಿ ಹಚ್ಚಿ ಕೂರಿಸಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಪಕ್ಕದ ಆ ತೊಟ್ಟಿಲಿನ ಮನೆಯ ಮುದುಕಿ ಅವರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಸವರುತ್ತ ಅತ್ತಳು.

"ಜನ್ಮಪೂರ್ತಿ ಎಣ್ಣಿಯೊಳಗ ದುಡದ ಕೈ. ಈಗ ನೋಡ್ರೆವ್ವಾ, ಒಂದು ಕರೀ ಕಲಿ ಇಲ್ಲ. ಕೂಸಿನ ಕೈಯಂಗ ಆಗೇತಿ."

ಎಲ್ಲರೂ ನೋಡಿದರು. ಪುಣ್ಯವಂತರು ಅಂದರು. ನನಗೊಬ್ಬಳಿಗೇ ಗೊತ್ತಿತ್ತು, ಉಗುರಿನ ಆ ಗೆರೆ ಅವರಿಗಿಂತ ಮೊದಲೇ ಹೋಗಿತ್ತು, ಕಳಿಸಿದವಳು ನಾನು.